ಕತ್ತಿಯ ಅಲಗು ಕೆಂಪಾಗಬಾರದು

ನಲವತ್ತೇಳನೇ ವಯಸ್ಸಿನಲ್ಲಿ ನಾನು ಬೋರ್ಡೋ ದ್ರಾವಣ, ಅಂದರೆ ಬಳ್ಳಿಗೆ ರೋಗ ಬಾರದ ಹಾಗೆ ಹೊಡೆಯುವ ಔಷಧಿ, ಕಲಸೋದು ಕಲಿತೆ. ಕೇಳಿದವರಿಗೆ ಸಣ್ಣ ವಿಷಯ. ನನಗೆ ಸಣ್ಣದಲ್ಲ.

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮದುವೆಯಾಗಿ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ತೋಟ ನೋಡಿಕೊಳ್ಳುತ್ತಿದ್ದದ್ದು ಯಜಮಾನರು. ಅವರಿಗೆ ಬೆನ್ನಿನ ಆಪರೇಷನ್ ಆದ ವರ್ಷ, ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಸುವ ಕೆಲಸ ನನ್ನ ಪಾಲಿಗೆ ಬಂತು. ಯಾರನ್ನಾದರೂ ಕೇಳಬಹುದಿತ್ತು. ಇಷ್ಟು ವರ್ಷ ಇಲ್ಲೇ ಇದ್ದು ಇದೂ ಗೊತ್ತಿಲ್ವಾ ಅಂದುಕೊಳ್ಳುತ್ತಾರೆ ಅನ್ನೋ ಅಳುಕಿಗೆ ಸುಮ್ನಿದ್ದೆ. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಸಿದೆ. ಸ್ಪ್ರೇಯರ್ ಬಾಯಿ ಕಟ್ಟಿಕೊಂಡಿತು.

ಆಗಸ್ಟ್‌ನಲ್ಲಿ ಎಲೆಗಳ ಮೇಲೆ ಕಪ್ಪು ಮಚ್ಚೆ ಕಾಣಿಸಿತು. ಮೆಣಸಿನ ಬಳ್ಳಿ ಒಣಗಿಸುವ ಸೊರಗು ರೋಗ. ಮೂರು ವಾರದೊಳಗೆ ನಲವತ್ತು ಬಳ್ಳಿ ಹೋಯಿತು. ಮಳೆ ಜಾಸ್ತಿ ಇತ್ತು, ಬುಡದಲ್ಲಿ ನೀರೂ ನಿಂತಿತ್ತು. ಆದರೂ ಒಣಗಿದ ಬಳ್ಳಿ ಕಿತ್ತು ಸುಡುವಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಿತ್ತು.

ಮರುವರ್ಷ, ನಮ್ಮಲ್ಲಿ ಬಹಳ ಕಾಲದಿಂದ ಕೆಲಸಕ್ಕೆ ಬರುವ ಹಿರಿಯರೊಬ್ಬರನ್ನು ಕೇಳಿದೆ. "ಅಣ್ಣಾ, ನಂಗೆ ಇದು ಗೊತ್ತಿಲ್ಲ, ಹೇಳಿಕೊಡಿ." ಅವರು ನಗಲಿಲ್ಲ. ಎರಡು ಪ್ಲಾಸ್ಟಿಕ್ ಡ್ರಮ್ ತರಿಸಿದರು. ಒಂದರಲ್ಲಿ 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ 1 ಕೆಜಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹುಯ್ಯಬೇಕು, ತಿರುಗಾಮುರುಗಾ ಮಾಡುವ ಹಾಗಿಲ್ಲ. ಕಲಕುತ್ತಾ ಹೋದ ಹಾಗೆ ಡ್ರಮ್ಮಿನೊಳಗೆ ಆಕಾಶದ ಬಣ್ಣ.

ಆಮೇಲೆ ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದಿದರು. "ಒಂದು ನಿಮಿಷ ಬಿಡಿ ಅಮ್ಮ." ಎತ್ತಿದಾಗ ಅಲಗಿನ ಮೇಲೆ ತುಕ್ಕಿನಂಥ ಕೆಂಪು. "ಸುಣ್ಣ ಸಾಲದು, ಹೀಗೇ ಹೊಡೆದರೆ ಎಲೆ ಸುಡ್ತದೆ." ಸುಣ್ಣದ ನೀರು ಸೋಸಿ ಮತ್ತಷ್ಟು ಸೇರಿಸಿದರು. ಮೂರನೇ ಸಲ ಅಲಗು ಹಾಗೇ ಹೊಳೆಯಿತು.

ಕಲಿಯೋಕೆ ವಯಸ್ಸಿಲ್ಲ ಅಂತಾರಲ್ಲ, ನಿಜವೇ. ನನಗೆ ಅಡ್ಡ ಬಂದದ್ದು ವಯಸ್ಸಲ್ಲ, ನಾಚಿಕೆ. ಅಷ್ಟು ವರ್ಷ ಈ ವಿದ್ಯೆ ನಮ್ಮ ಅಂಗಳದಲ್ಲೇ ಓಡಾಡುತ್ತಿತ್ತು. ನಾನು ಅವರ ಕೈಗೆ ಕಾಫಿ ಲೋಟ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಅದಾದ ಮೇಲೆ ಮಾವನ ಮಳೆ ಡೈರಿಗಳನ್ನೂ ಓದೋಕೆ ಶುರು ಮಾಡಿದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ ಅಲ್ವಾ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಎಲ್ಲಾ ಇದೆ. 2018ರ ಪುಟಗಳನ್ನು ತಿರುವಿದಾಗ ಕೈ ನಡುಗಿತು. ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದು ಆಗಸ್ಟ್‌ನಲ್ಲಿ. ಡೈರಿಯಲ್ಲಿ ಜೂನ್‌ನಿಂದಲೇ ಪುಟ ಬಿಡದೆ ಮಳೆ. ಮಣ್ಣು ಅಷ್ಟೂ ದಿನ ನೀರು ಕುಡಿದಿತ್ತು. ದಿನದ ಮಳೆ ನೋಡಿದರೆ ಸಾಲದು, ಕೂಡಿಸಿ ನೋಡಬೇಕು ಅನ್ನೋದು ನನಗೆ ಹೊಳೆದದ್ದು ಅಲ್ಲೇ.

ಈಗ ಡೈರಿ ಬರೆಯೋದು ನಾನು. ನಿನ್ನೆ 1 ಇಂಚು 15 ಸೆಂಟ್. ಬಸಿಗಾಲುವೆ ಇನ್ನೂ ಅರ್ಧ ತೆಗೆಸೋದಿದೆ. ನೀರು ಯಾವ ಕಡೆಗೆ ಬಿಡಬೇಕು ಅಂತ ನಾಳೆ ಬೆಳಿಗ್ಗೆ ಅಣ್ಣನನ್ನು ಕೇಳಬೇಕು.