ತೆನೆ ಹಿಡಿದು ನಿಂತಿದ್ದ ಹುಡುಗ

ಇವತ್ತು ಮೋಂತಿ ಹಬ್ಬ. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಮಂಗಳೂರು ಕಡೆಯ ಕ್ರೈಸ್ತರಿಗೆ ಹೊಸ ಅಕ್ಕಿಯ ಹಬ್ಬ. ಖುಷಿಯಲ್ಲಿ ಬರೆಯಬೇಕಿತ್ತು. ಆದರೆ ಬೆಳಗ್ಗೆಯಿಂದ ಹೊಟ್ಟೆಯೊಳಗೆ ಏನೋ ಉರಿಯುತ್ತಿದೆ. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಬೆಂಗಳೂರಿನ ನಮ್ಮ ಚರ್ಚಿನಲ್ಲಿ ಬೆಳಗಿನ ಪೂಜೆ ಚೆನ್ನಾಗಿಯೇ ಆಯಿತು. ಒಂಬತ್ತು ದಿನ ಹೂವು ತಂದ ಮಕ್ಕಳು ಇವತ್ತೂ ಬುಟ್ಟಿ ತುಂಬಾ ತಂದಿದ್ದರು. ಫಾದರ್ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಎಲ್ಲರಿಗೂ ಹಂಚಿದರು. ಹೊರಗೆ ಕಬ್ಬು ಕೊಟ್ಟರು. ಫೋಟೋ ಆಯಿತು, ನಗು ಆಯಿತು, ಎಲ್ಲರೂ ಕಾರು ಹತ್ತಿದರು.

ಗೇಟಿನ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತೆರಡು ಇರಬಹುದು. ಸೆಕ್ಯೂರಿಟಿ ಕೆಲಸದ ನೀಲಿ ಪ್ಯಾಂಟು, ಮೇಲೆ ಇಸ್ತ್ರಿ ಮಾಡಿದ ಬಿಳಿ ಶರ್ಟು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದನಂತೆ. ಕೈಯಲ್ಲಿ ತೆನೆ. "ಆಂಟಿ, ಇದನ್ನು ಏನು ಮಾಡಬೇಕು?" ಅಂತ ಹಿಂದಿಯಲ್ಲಿ ಕೇಳಿದ.

"ಮನೆಗೆ ತೆಗೆದುಕೊಂಡು ಹೋಗಿ, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಬೇಕು."

ಅವನು ತಲೆ ಆಡಿಸಿದ. ಊರು ಝಾರ್ಖಂಡಿನ ಸಿಮ್ಡೆಗಾ. "ನಮ್ಮಲ್ಲೂ ಹೊಸ ಅಕ್ಕಿಯ ಹಬ್ಬ ಇದೆ ಆಂಟಿ, ನವಾಖಾನಿ ಅಂತ" ಅಂದ. ಮತ್ತೆ ಕೈಯಲ್ಲಿದ್ದ ತೆನೆ ನೋಡಿದ. ಮನೆಯವರು ಎಲ್ಲಿದ್ದಾರೆ ಪಾಪ, ಸಾವಿರಾರು ಕಿಲೋಮೀಟರ್ ದೂರ. ಇಲ್ಲಿ ಇರುವುದು ಒಂದು ರೂಮು.

ಹಾಗೆ ಹೇಳಿ ಕಾರು ಹತ್ತಿದವಳು ನಾನೇ. ಬೇರೆ ಯಾರೋ ಅಂತ ಬರೆದರೆ ಸುಳ್ಳಾಗುತ್ತದೆ.

ಅವನು ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳುವಾಗ ತಿರುಗಿ ಅವನಿಗೆ ಕೈ ಮುಗಿದಿದ್ದೆ. ಅರ್ಧ ಗಂಟೆಯೂ ಆಗಿರಲಿಲ್ಲ. ಮನೆಯಲ್ಲಿ ಏಳು ಬಗೆಯ ಅಡುಗೆ ಇತ್ತು. ಕೆಸುವಿನ ಸೊಪ್ಪು, ಹೀರೆಕಾಯಿ, ಬೆಂಡೆ, ಎಲ್ಲವೂ. "ಬಾ, ನಮ್ಮ ಮನೆಗೆ" ಅನ್ನುವ ಮೂರು ಪದ ಬಾಯಿಗೆ ಬರಲಿಲ್ಲ.

ನನಗೆ ಸಿಟ್ಟು ಬಂದಿರುವುದು ನನ್ನ ಮೇಲೆ, ನಮ್ಮೆಲ್ಲರ ಮೇಲೆ. ನಾವು ಮಂಗಳೂರಿನ ಕಡೆಯವರು ಸತ್ಕಾರಕ್ಕೆ ಹೆಸರಾದವರು ಅಂತ ಎಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ! ಕ್ರಿಸ್ಮಸ್‌ಗೆ ನೆವ್ರಿ, ಕಿಡಿಯೊ, ಗುಳಿಯೊ ಮಾಡಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಹಂಚುತ್ತೇವೆ. ಸರಿ, ಯಾರಿಗೆ? ದೀಪಾವಳಿಗೆ ನಮಗೆ ಸಿಹಿ ಕೊಟ್ಟವರಿಗೆ. ಬಾಸ್‌ಗೆ. ಮಕ್ಕಳ ಟ್ಯೂಷನ್ ಟೀಚರ್‌ಗೆ. ತಟ್ಟೆ ಹೋಗುತ್ತದೆ, ತಟ್ಟೆ ತುಂಬಿ ವಾಪಸ್ ಬರುತ್ತದೆ. ಅದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಬೈಬಲಿನಲ್ಲಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಬೇರೆ. ಊಟಕ್ಕೆ ಸ್ನೇಹಿತರನ್ನು, ನೆಂಟರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡ, ಅವರು ತಿರುಗಿ ಕರೆದುಬಿಡುತ್ತಾರೆ. ತಿರುಗಿ ಕರೆಯಲು ಆಗದವರನ್ನು ಕರೆ. ಇಷ್ಟು ನೇರವಾದ ಮಾತು. ಇದನ್ನು ಎಷ್ಟು ಸಲ ಕೇಳಿದ್ದೇವೆ, ಅಲ್ವಾ?

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಸತ್ಕಾರಕ್ಕೆ ಇರುವ ಪದ ಫಿಲೊಕ್ಸೆನಿಯಾ. ಗುರುತಿಲ್ಲದವರ ಮೇಲಿನ ಪ್ರೀತಿ ಅಂತ ಅದರ ಅರ್ಥ. ಗುರುತಿದ್ದವರಿಗೆ ಬಡಿಸುವುದಕ್ಕೆ ಆ ಪದವೇ ಹೊಂದುವುದಿಲ್ಲ. ಮೊದಲ ಕಾಲದ ಕ್ರೈಸ್ತರಿಗೆ ಚರ್ಚಿನ ಕಟ್ಟಡ ಎಲ್ಲಿತ್ತು? ಯಾರದೋ ಮನೆಯಲ್ಲಿ ಸೇರುತ್ತಿದ್ದರು. ಫಿಲಿಪ್ಪಿ ಅನ್ನುವ ಊರಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಲಿಡಿಯಾ, ಯೇಸುವಿನ ಮಾತು ಸಾರುತ್ತಾ ಬೇರೆ ಊರಿಂದ ಬಂದ ಪೌಲನನ್ನು ಒತ್ತಾಯ ಮಾಡಿ ಮನೆಗೆ ಕರೆದುಕೊಂಡು ಹೋದಳು. ಆ ಊರಿನ ಸಭೆ ಅವಳ ಮನೆಯಲ್ಲೇ ಬೆಳೆಯಿತು.

ಮೋಂತಿ ಊಟ ಮನೆಯವರದು, ಹೊರಗಿನವರನ್ನು ಕರೆಯುವ ಪದ್ಧತಿ ಇಲ್ಲ ಅಂತ ನನ್ನ ಅತ್ತಿಗೆ ಮಧ್ಯಾಹ್ನ ಹೇಳಿದಳು. ನಿಜ, ಇದು ಕುಟುಂಬದ ಹಬ್ಬ. ಆದರೆ ನಮ್ಮ ಹಿರಿಯರೇ ಗೋವಾದಿಂದ ಬಂದವರು. ಉಳಲು ಭೂಮಿ ಕೊಟ್ಟವರು ಕೆಳದಿಯ ನಾಯಕರು. ಅವರು "ನೀವು ಹೊರಗಿನವರು" ಅಂದಿದ್ದರೆ ನಮಗೆ ಗದ್ದೆ ಎಲ್ಲಿ, ತೆನೆ ಎಲ್ಲಿ? ಊರಲ್ಲಿ ನಮ್ಮ ಮನೆಯ ಹಿರಿಯಾಕೆ ಮಾಂಯ್ ಇದ್ದಾಗ ಗದ್ದೆಯ ಕೆಲಸಕ್ಕೆ ಬಂದವರು ಹಬ್ಬದ ದಿನ ಅಂಗಳದಲ್ಲಿದ್ದರೆ ಅವರಿಗೂ ಎಲೆ ಹಾಕುತ್ತಿದ್ದಳು. ಯಾರೇ ಬಂದರೂ ಮೊದಲು ಬೆಲ್ಲ ನೀರು. ಯಾಕೆ ಬಂದಿರಿ ಅನ್ನುವ ಪ್ರಶ್ನೆ ಆಮೇಲೆ.

ಇನ್ನೊಂದು ಮಾತು ಬರುತ್ತದೆ. ಬೆಂಗಳೂರು ಊರಿನ ಹಾಗಲ್ಲ, ಗೊತ್ತಿಲ್ಲದವರನ್ನು ಒಳಗೆ ಬಿಡುವುದು ಹೇಗೆ, ಹೆಣ್ಣುಮಕ್ಕಳಿದ್ದಾರೆ. ಒಪ್ಪುತ್ತೇನೆ, ನನಗೂ ಮಗಳಿದ್ದಾಳೆ. ಆದರೆ ಹಬ್ಬದ ಮಧ್ಯಾಹ್ನ, ಮನೆಯಲ್ಲಿ ಎಂಟು ಜನ ಇದ್ದಾಗ, ನಮ್ಮ ಜೊತೆ ಪ್ರಾರ್ಥನೆ ಮಾಡಿದ ಹುಡುಗ ಬಂದು ಊಟ ಮಾಡಿದರೆ ಯಾವ ಭಯ? ಇಂಥ ಹುಡುಗರನ್ನೇ ಗೇಟಿಗೆ ನಿಲ್ಲಿಸಿ, ರಾತ್ರಿಯಿಡೀ ನಮ್ಮ ಬಿಲ್ಡಿಂಗ್ ಕಾಯಬೇಕು ಅನ್ನುತ್ತೇವೆ. ಆಗ ನಂಬಿಕೆ ಇರುತ್ತದೆ.

ನಾನು ಈ ಊರಿಗೆ ಬಂದಾಗ ನನಗೆ ಇಪ್ಪತ್ತೊಂದು. ಹಾಸ್ಟೆಲಿನಲ್ಲಿ ಭಾನುವಾರ ರಾತ್ರಿ ಊಟ ಇರುತ್ತಿರಲಿಲ್ಲ. ಒಂದು ಭಾನುವಾರ ಪೂಜೆಯ ಮೇಲೆ ಕಂಬಕ್ಕೆ ಒರಗಿ ಅಳುತ್ತಿದ್ದೆ. ಕನಕಪುರದ ಹತ್ತಿರದ ಹಾರೋಬೆಲೆ ಕಡೆಯ ಒಬ್ಬರು ಅಜ್ಜಿ ಬಂದು ಕೈ ಹಿಡಿದರು. ಹೆಸರೂ ಕೇಳಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಒಳಗೆ ಆರು ಜನ. ಬಾಗಿಲಲ್ಲಿ ಹಿಂಜರಿದು ನಿಂತರೆ, "ಅದೇನವ್ವ ನಾಚ್ಕೊಂಡು ನಿಂತಿದೀಯ, ಒಳಕ್ಕೆ ಬಾ" ಅಂದರು. ರಾಗಿ ಮುದ್ದೆ, ಬಸ್ಸಾರು. ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆ ಅಂತ ಅವರ ಮೊಮ್ಮಗ ತೋರಿಸಿಕೊಟ್ಟ. ಆಮೇಲೆ ಮೂರು ವರ್ಷ ಪ್ರತಿ ಭಾನುವಾರ ಆ ಮನೆ ನನ್ನದಾಗಿತ್ತು. ಆ ಮೂರು ವರ್ಷದಲ್ಲಿ ಅಜ್ಜಿ ನನಗೆ ಒಂದು ದಿನವೂ ಉಪದೇಶ ಮಾಡಲಿಲ್ಲ. ಇನ್ನೂ ಸ್ವಲ್ಪ ಹಾಕ್ಕೋ ಅಂತ ಮಾತ್ರ ಹೇಳುತ್ತಿದ್ದರು. ನಾನು ಇವತ್ತಿಗೂ ಪೂಜೆಗೆ ಹೋಗುತ್ತೇನೆ ಅಂದರೆ ಅದಕ್ಕೆ ಕಾರಣ ಆ ಮನೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಂಥ ಅಜ್ಜಿಯ ಕೈಯಲ್ಲಿ ಉಂಡವಳು ನಾನು. ಆ ಹುಡುಗನಿಗೆ ಪಾಯಸ ಮಾಡುವ ವಿಧಾನ ಹೇಳಿ ಬಂದೆ.

ಊಟವಾದ ಮೇಲೆ ಕುವೈತಿನಲ್ಲಿರುವ ತಮ್ಮನಿಗೆ ಕಳಿಸಲು ಲಕೋಟೆಗೆ ನಾಲ್ಕು ಭತ್ತದ ಕಾಳು ಹಾಕುತ್ತಿದ್ದೆ. ದೂರದಲ್ಲಿರುವ ಮನೆಯವರಿಗೂ ಹೊಸ ಅಕ್ಕಿ ತಲುಪಬೇಕು ಅನ್ನುವುದು ನಮ್ಮ ಪದ್ಧತಿ. ಅಂಟು ಹಚ್ಚುವಾಗ ಕೈ ನಿಂತಿತು. ಸಿಮ್ಡೆಗಾದಲ್ಲಿ ಒಬ್ಬ ತಾಯಿ ಇರುತ್ತಾಳಲ್ಲ.

ಸಂಜೆ ಏಳೂವರೆಗೆ ಡಬ್ಬಿ ತೆಗೆದುಕೊಂಡು ಹೊರಟೆ. ಅವನು ಕೆಲಸ ಮಾಡುವ ಅಪಾರ್ಟ್‌ಮೆಂಟ್ ಎರಡು ಬೀದಿ ಆಚೆ. ಗೇಟಿನ ಹತ್ತಿರ ನಿಂತುಕೊಂಡೇ ತಿಂದ. ಪಾಯಸದಲ್ಲಿ ಹೊಸ ಕಾಳು ಸಿಕ್ಕಾಗ ಶಿಲುಬೆಯ ಗುರುತು ಮಾಡಿಕೊಂಡ. ನನಗೆ ಸಮಾಧಾನ ಆಗಲಿಲ್ಲ. ಡಬ್ಬಿ ಕೊಟ್ಟರೆ ಅವನು ಗೇಟಿನಲ್ಲೇ ಉಳಿಯುತ್ತಾನೆ.

"ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಮನೆಗೆ ಬಾ ಮಗಾ. ಕೂತು ಊಟ ಮಾಡು" ಅಂದೆ.

ಅವನು ಡಬ್ಬಿ ತೊಳೆದು ತಂದುಕೊಟ್ಟ. ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ಮೆಲ್ಲಗೆ ಕೇಳಿದ. "ರೂಮಿನಲ್ಲಿ ಇನ್ನೂ ಇಬ್ಬರಿದ್ದಾರೆ ಆಂಟಿ. ಅವರನ್ನೂ ಕರೆದುಕೊಂಡು ಬರಲಾ?"

ಮೂವರೂ ಬರುತ್ತಿದ್ದಾರೆ. ಅಕ್ಕಿ ಜಾಸ್ತಿ ನೆನೆಹಾಕಬೇಕು, ಇಡ್ಲಿಯಂಥ ನಮ್ಮ ಸಾನ್ನಾಂ ಮಾಡುತ್ತೇನೆ.