ಎಲ್ಲವನ್ನೂ ಮೇಷ್ಟ್ರ ತಲೆಗೆ ಕಟ್ಟಬೇಡಿ
ಸರ್ಕಾರಿ ಶಾಲೆಗಳಿಗೆ ಸಮಾಜ ಕಾರ್ಯಕರ್ತರು ಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ, ನೂರಕ್ಕೆ ನೂರು ಸರಿ. ರಾಯಚೂರು, ಯಾದಗಿರಿ ಕಡೆ ಸುಗ್ಗಿ ಮುಗಿದ ಮೇಲೆ ಎಷ್ಟೋ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೊರಡುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತಾರೆ, ಇಲ್ಲಿ ಹಾಜರಿ ಪುಸ್ತಕದಲ್ಲಿ ಬರೀ ಗೈರು. ಮನೆಗೆ ಹೋಗಿ ಕೇಳುವವರು ಯಾರು? ಮೇಷ್ಟ್ರಿಗೆ ಪಾಠದ ಜೊತೆ ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ. ಒಂಬತ್ತನೇ ಕ್ಲಾಸಿನ ಹುಡುಗಿ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರೆ ಮನೆಯಲ್ಲಿ ಮದುವೆ ಮಾತುಕತೆ ನಡೆದಿರಬಹುದು ಅಲ್ವಾ? ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ನಿಜ, ಆದರೆ ಮಾಡಿದ ಮೇಲೆ ಮೇಷ್ಟ್ರು ಅದೇ ಊರಲ್ಲಿ ಪಾಠ ಮಾಡಬೇಕು. ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದವರು ನಮ್ಮಲ್ಲಿ ಜಾಸ್ತಿಯೇ ಇದ್ದಾರೆ. ಸರ್ಕಾರ ನಾಲ್ಕೈದು ಶಾಲೆಗೆ ಒಬ್ಬರನ್ನಾದರೂ ಕೊಡಲಿ, ಕಾಯಂ ಆಗಿ ಕೊಡಲಿ. ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯವರ ಹತ್ತಿರ ಮಕ್ಕಳು ಮನೆಯ ಕಷ್ಟ ಹೇಳಿಕೊಳ್ಳುವುದಿಲ್ಲ.