ಸತ್ಯಾಂಶ: ಆ ಭಾಷಣ ಗಿಣಿಪಾಠವಲ್ಲ

ಬೌದ್ಧಿಕ ನ್ಯೂನತೆಯುಳ್ಳ ಕ್ರೀಡಾಪಟುಗಳು ವೇದಿಕೆಯಲ್ಲಿ ಒಪ್ಪಿಸುವುದು ಬರೀ ಗಿಣಿಪಾಠ ಎಂಬ ಸಂದೇಶ ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ತಪ್ಪು. ಇಂಥವರಿಗಾಗಿಯೇ 1968ರಲ್ಲಿ ಶುರುವಾದ ಕ್ರೀಡಾ ಸಂಸ್ಥೆ ಸ್ಪೆಷಲ್ ಒಲಿಂಪಿಕ್ಸ್ ತನ್ನ ಕ್ರೀಡಾಪಟುಗಳಿಗೇ ಭಾಷಣದ ತರಬೇತಿ ಕೊಡುತ್ತದೆ.

ಭಾಷಣ ಸಿದ್ಧಪಡಿಸುವಾಗ ಮೊದಲು ಕ್ರೀಡಾಪಟುವಿಗೆ ಪ್ರಶ್ನೆ: ಯಾವ ಆಟ, ಯಾರು ಕಲಿಸಿದರು, ಗೆದ್ದಾಗ ಹೇಗನಿಸಿತು? ಉತ್ತರವನ್ನು ಅವರ ಆಡುಮಾತಿನಲ್ಲೇ ಬರೆದುಕೊಳ್ಳಬೇಕು. ಚೀಟಿಗೊಂದೇ ವಾಕ್ಯ, ಓದಲು ಬಾರದವರಿಗೆ ಚಿತ್ರ. ಎರಡು ಮೂರು ನಿಮಿಷದ ಮಾತು ಸಾಕು. ತಡವರಿಸಿದರೆ ಪಕ್ಕದಲ್ಲಿರುವವರು ಮುಂದಿನ ಚೀಟಿ ತೋರಿಸಲಿ, ಬಾಯಿ ಹಾಕುವುದು ಬೇಡ.

ಕೆಡುವುದು ಮೇಷ್ಟ್ರು ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಟ್ಟಾಗ. ಒಂದು ಪದ ಮರೆತರೆ ಇಡೀ ಸಾಲೇ ಹೋಗುತ್ತದೆ. ಅದು ಗಿಣಿಪಾಠವೇ, ಆದರೆ ತಪ್ಪು ಮೇಷ್ಟ್ರದ್ದು. ಮೈಕನ್ನು ಹಿಂದಿನ ದಿನವೇ ಕ್ರೀಡಾಪಟುವಿನ ಕೈಗೆ ಕೊಡಿ. ತಮ್ಮದೇ ದನಿ ಸ್ಪೀಕರಿನಲ್ಲಿ ಕೇಳಿ ಬೆಚ್ಚಿ ನಿಂತುಬಿಡುವವರಿದ್ದಾರೆ.